ಕ್ರೋನೋಸ್ ಕೀಬೋರ್ಡಿಗೆ ಹೊಂದುವ ನೆಟ್‌ವರ್ಕ್ ಅಡಾಪ್ಟರ್: ನನ್ನ ಅನುಭವ

ಕೊರ್ಗ್ ಕಂಪನಿಯ ಕ್ರೋನೋಸ್ ಎಂಬ ಸಂಗೀತದ ಕೀಬೋರ್ಡ್ ವರ್ಕ್‌ಸ್ಟೇಷನ್ನಿನಲ್ಲಿ ಈಥರ್ನೆಟ್ (ತಂತಿಯ ನೆಟ್‌ವರ್ಕ್) ಪೋರ್ಟ್ ಇಲ್ಲ. ಆದರೆ ಅದರ ಯುಎಸ್‌ಬಿ ಪೋರ್ಟಿಗೆ ಹೊಂದುವ ಈಥರ್ನೆಟ್ ಅಡಾಪ್ಟರ್ ಜೋಡಿಸಿದರೆ, ಪೆನ್‌ಡ್ರೈವ್ ಹಿಡಿದು ಓಡಾಡುವ ಕೆಲಸವಿಲ್ಲದೆ, ಒಳಗಿನ ಡಿಸ್ಕಿನಲ್ಲಿರುವ ಸ್ಯಾಂಪಲ್‌ಗಳನ್ನು (ಧ್ವನಿಮುದ್ರಿತ ತುಣುಕುಗಳನ್ನು) ಎಫ್‌ಟಿಪಿ, ಅಂದರೆ ನೆಟ್‌ವರ್ಕಿನಲ್ಲಿ ಫೈಲ್ ಸಾಗಿಸುವ ವಿಧಾನದ ಮೂಲಕ ಕಂಪ್ಯೂಟರಿಗೆ ಸಾಗಿಸಬಹುದು.

ನನ್ನಲ್ಲಿದ್ದ ಹೊಸ ಗಿಗಾಬಿಟ್ ಅಡಾಪ್ಟರ್ ಲ್ಯಾಪ್‌ಟಾಪಿನಲ್ಲಿ ಸರಾಗವಾಗಿ ನಡೆಯುತ್ತಿದ್ದರೂ ಕೀಬೋರ್ಡಿನಲ್ಲಿ ಐಪಿ ವಿಳಾಸವೇ (ನೆಟ್‌ವರ್ಕಿನಲ್ಲಿ ಯಂತ್ರವನ್ನು ಗುರುತಿಸುವ ಸಂಖ್ಯೆ) ಮೂಡಲಿಲ್ಲ. ಕ್ರೋನೋಸ್ 2011ರ ಯಂತ್ರ. ಒಳಗೆ ನಡೆಯುವುದು ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆ. ಲ್ಯಾಪ್‌ಟಾಪಿನಂತೆ ಇದಕ್ಕೆ ನಾವು ಬೇಕಾದ ಡ್ರೈವರ್ (ಸಾಧನವನ್ನು ನಡೆಸುವ ತಂತ್ರಾಂಶ) ಹಾಕಿಕೊಳ್ಳಲು ಬರುವುದಿಲ್ಲವಾದ್ದರಿಂದ, ಅಡಾಪ್ಟರಿನ ಬ್ರ್ಯಾಂಡಿಗಿಂತ ಅದರೊಳಗಿನ ಚಿಪ್ ಯಾವುದೆಂಬುದೇ ಮುಖ್ಯವಾಗುತ್ತದೆ. ಪೆಟ್ಟಿಗೆಯ ಮೇಲೆ ಅದನ್ನು ಮುದ್ರಿಸುವವರು ವಿರಳ, ಒಂದೇ ಮಾದರಿಯ ಹೆಸರಿನಲ್ಲಿ ಚಿಪ್ ಬದಲಾಗುವುದೂ ಉಂಟು.

ವಿಂಡೋಸ್‌ನ ಡಿವೈಸ್ ಮ್ಯಾನೇಜರಿನಲ್ಲಿ ಹಾರ್ಡ್‌ವೇರ್ ಐಡಿ (ಸಾಧನದ ಗುರುತಿನ ಸಂಕೇತ) ತೆರೆದು ನೋಡಿದಾಗ ವಿಷಯ ಸ್ಪಷ್ಟವಾಯಿತು. 0ಬಿ95 ಎಂದರೆ ತಯಾರಕರು ಏಸಿಕ್ಸ್. ಅದರ ಮುಂದೆ 1790 ಇದ್ದರೆ ಎಎಕ್ಸ್88179 ಎಂಬ ಗಿಗಾಬಿಟ್ ಚಿಪ್, 7720 ಇದ್ದರೆ ಹಳೆಯ ಎಎಕ್ಸ್88772. ನನ್ನದು ಮೊದಲನೆಯದು. ಅದರ ಡ್ರೈವರ್ ಲಿನಕ್ಸ್ ಕರ್ನಲ್‌ಗೆ, ಅಂದರೆ ಅದರ ತಿರುಳಿಗೆ, ಸೇರಿದ್ದೇ 2013ರಲ್ಲಿ.

ಕೊಳ್ಳುವ ಮುನ್ನ ಮಾರಾಟಗಾರರಿಂದ ಐಡಿಯನ್ನು ಖಚಿತಪಡಿಸಿಕೊಂಡು ಎಎಕ್ಸ್88772 ಚಿಪ್ಪಿನ ಅಡಾಪ್ಟರ್ ತರಿಸಿದೆ. ಜೋಡಿಸಿದ ಮೇಲೆ ನೆಟ್‌ವರ್ಕ್ ಪುಟದಲ್ಲಿ ವಿಳಾಸ ಕಾಣಿಸಿತು, ಕಂಪ್ಯೂಟರಿನ ಎಫ್‌ಟಿಪಿ ತಂತ್ರಾಂಶವೂ ಒಳಹೊಕ್ಕಿತು. ಈ ಚಿಪ್ಪಿನ ಮಿತಿ ಸೆಕೆಂಡಿಗೆ 100 ಮೆಗಾಬಿಟ್, ಅಂದರೆ ಹೆಚ್ಚೆಂದರೆ 12 ಮೆಗಾಬೈಟ್‌ನಷ್ಟು. ದೊಡ್ಡ ಸ್ಯಾಂಪಲ್ ಸಂಗ್ರಹಗಳಿಗೆ ತಾಳ್ಮೆ ಬೇಕು, ದಿನನಿತ್ಯದ ಬ್ಯಾಕಪ್‌ಗೆ ಧಾರಾಳವಾಗಿ ಸಾಕು.