ಮದುವೆ ದಿನಕ್ಕೆ ದಾವಣಗೆರೆ: ಹಸಿವು ನೋಡಿಕೊಂಡು ಹಾಕಿದ ಪ್ಲಾನು

ನಮ್ಮ ಮದುವೆ ಆಗಿದ್ದು ಡಿಸೆಂಬರ್ ಮೊದಲಲ್ಲಿ, ಧನುರ್ಮಾಸ ಶುರುವಾಗುವ ಮುಂಚೆ. ಹಾಗಾಗಿ ಪ್ರತಿ ವರ್ಷ ಮದುವೆ ದಿನ ಬರೋದು ಒಳ್ಳೆ ಚಳಿಯಲ್ಲೇ. ಈ ಸಲ ರೆಸಾರ್ಟು, ಕೇಕು ಯಾವುದೂ ಬೇಡ, ತಿನ್ನೋಕೆ ಅಂತಲೇ ಒಂದು ಊರಿಗೆ ಹೋಗೋಣ ಅಂತ ಇಬ್ಬರೂ ಮಾತಾಡಿಕೊಂಡೆವು. ಇವರು ದಾವಣಗೆರೆ ಅಂದರು. ನಾನು ಮೈಸೂರಿನವಳು, ದೋಸೆ ಅಂದರೆ ಒಳಗೆ ಕೆಂಪು ಚಟ್ನಿ ಸವರಿರಬೇಕು ಅನ್ನುವ ಮನೆಯಲ್ಲಿ ಬೆಳೆದವಳು. ಆದರೂ ತಕ್ಷಣ ಹೂಂ ಅಂದೆ.

ಬೆಂಗಳೂರಲ್ಲಿ ಹೆಜ್ಜೆಗೊಂದು ‘ದಾವಣಗೆರೆ ಬೆಣ್ಣೆ ದೋಸೆ’ ಬೋರ್ಡ್ ಇದೆ, ಅದಕ್ಕೆ 260 ಕಿಲೋಮೀಟರ್ ಯಾಕೆ ಹೋಗಬೇಕು ಅಂತ ಅಕ್ಕ ಕೇಳಿದಳು. ಹೋಗಬೇಕು. ಯಾಕೆ ಅಂತ ಕೆಳಗೆ ಹೇಳ್ತೀನಿ.

ಊಟದ ಪ್ರವಾಸ ಮಾಡುವವರು ಸಾಮಾನ್ಯವಾಗಿ ಹೋಟೆಲ್‌ಗಳ ಪಟ್ಟಿ ಮಾಡಿಕೊಳ್ಳುತ್ತಾರೆ. ನಾವು ಹಾಗೆ ಮಾಡಲಿಲ್ಲ. ಯಾವ ಹೊತ್ತಿಗೆ ಹಸಿವಾಗಬೇಕು ಅಂತ ಮೊದಲು ಬರೆದುಕೊಂಡೆವು. ದಾವಣಗೆರೆಯಲ್ಲಿ ಪ್ರತಿ ತಿಂಡಿಗೂ ಒಂದು ಹೊತ್ತಿದೆ. ಬೆಳಗ್ಗೆ ದೋಸೆ, ಮಧ್ಯಾಹ್ನ ಖಾನಾವಳಿಯ ರೊಟ್ಟಿ, ಸಂಜೆ ಮಂಡಕ್ಕಿ ಮೆಣಸಿನಕಾಯಿ. ಈ ಮೂರೂ ಹೊಟ್ಟೆ ತುಂಬಿಸುವ ಪದಾರ್ಥಗಳೇ. ಒಂದನ್ನು ಜಾಸ್ತಿ ತಿಂದರೆ ಇನ್ನೊಂದರ ರುಚಿ ಹೋಯಿತು ಅಂತಲೇ. ಅದಕ್ಕೆ ಎರಡು ನಿಯಮ ಇಟ್ಟುಕೊಂಡೆವು. ಏನೇ ತಗೊಂಡರೂ ಮೊದಲು ಒಂದೇ ಪ್ಲೇಟು, ಇಬ್ಬರೂ ಹಂಚಿಕೊಂಡು. ಒಂದು ತಿಂಡಿಗೂ ಇನ್ನೊಂದಕ್ಕೂ ನಡುವೆ ಎಲ್ಲಾದರೂ ಚೆನ್ನಾಗಿ ನಡೆಯಬೇಕು.

ಶುಕ್ರವಾರ ಮನೆಯಲ್ಲಿ ತಿಂಡಿ ಮುಗಿಸಿ ಕಾರಲ್ಲಿ ಹೊರಟೆವು. ದಾರಿಯಲ್ಲಿ ಬರೀ ಎಳನೀರು, ಬಾಳೆಹಣ್ಣು. ಚಿತ್ರದುರ್ಗದ ಹತ್ತಿರ ಗುಡ್ಡದ ಮೇಲೆ ಗಾಳಿಯಂತ್ರಗಳು ಕಾಣಿಸುವ ಹೊತ್ತಿಗೆ ಇವರು “ಒಂದು ಇಡ್ಲಿನಾದ್ರೂ ತಿನ್ನೋಣ ಕಣೇ” ಅಂದರು. ನಾನು ಬಿಡಲಿಲ್ಲ. ಸಂಜೆಗೆ ಖಾಲಿ ಹೊಟ್ಟೆಯಲ್ಲಿ ಊರು ಸೇರಿದ್ದೇ ಒಳ್ಳೆಯದಾಯಿತು.

ಮಂಡಕ್ಕಿ ಎಲ್ಲ ಕಡೆ ಸಿಗುತ್ತೆ ನಿಜ. ಆದರೆ ದಾವಣಗೆರೆಯಲ್ಲಿ ಅದು ತಯಾರಾಗುವ ಭಟ್ಟಿಗಳೇ ಇವೆ, ಆ ಬಡಾವಣೆಗೇ ಮಂಡಕ್ಕಿ ಭಟ್ಟಿ ಅಂತ ಹೆಸರು. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿಸಿ, ಅದಕ್ಕೆ ಉಪ್ಪು ಸೇರಿಸಿ ಕಾದ ಮರಳಲ್ಲಿ ಹುರಿದಾಗ ಅರಳುವುದೇ ಮಂಡಕ್ಕಿ. ಭಟ್ಟಿ ಮುಂದೆ ನಿಂತು ಮಾಡುವ ಕೆಲಸ ಎಷ್ಟು ಕಷ್ಟದ್ದು ಅಂತ ತಿನ್ನುವವರಿಗೆ ಗೊತ್ತಿರಬೇಕು. ಹೊಗೆ, ಬಿಸಿ, ಮೈಯೆಲ್ಲ ಬೆವರು. ಒಂದು ರುಪಾಯಿಗೂ ಚೌಕಾಸಿ ಮಾಡಬೇಡಿ ಅಂತ ನನ್ನ ಮನವಿ.

ನಾವು ನಿಂತಿದ್ದು ಒಂದು ತಳ್ಳುಗಾಡಿ ಮುಂದೆ. ಅಗಲವಾದ ಬೇಸಿನ್ನಿಗೆ ಆತ ಮೊರದಷ್ಟು ಮಂಡಕ್ಕಿ ಸುರಿದ. ಅದರ ಮೇಲೆ ಹುರಿಗಡಲೆ ಪುಡಿ, ಸಣ್ಣಗೆ ಹೆಚ್ಚಿದ ಈರುಳ್ಳಿ, ಟೊಮೆಟೊ, ಕೊತ್ತಂಬರಿ, ಒಂದು ಸೌಟು ಒಗ್ಗರಣೆ ಎಣ್ಣೆ. ಚಮಚ ಮುಟ್ಟಲೇ ಇಲ್ಲ. ಎರಡೂ ಕೈ ಬೆರಳು ಅಗಲ ಮಾಡಿ ತಳದಿಂದ ಎತ್ತಿ ಎತ್ತಿ ಬಿಟ್ಟ. ಒಂದು ಕಾಳೂ ಮುರಿಯಲಿಲ್ಲ, ಪುಡಿ ಮಾತ್ರ ಎಲ್ಲದಕ್ಕೂ ಹತ್ತಿಕೊಂಡಿತು. ಕೊನೆಗೆ ನಿಂಬೆಹಣ್ಣು ಹಿಂಡಿ, ಪೇಪರ್ ಮೇಲೆ ಹಾಕಿ, ಪಕ್ಕದಲ್ಲಿ ಬಿಸಿ ಮೆಣಸಿನಕಾಯಿ ಬಜ್ಜಿ ಇಟ್ಟು ಕೊಟ್ಟ. ಇದಕ್ಕೆ ಅಲ್ಲಿ ನರ್ಗಿಸ್ ಮಂಡಕ್ಕಿ ಅಂತಾರೆ. ಒಗ್ಗರಣೆ ಖಾರ ಜಾಸ್ತಿ ಇರುವ ಖಾರ ಮಂಡಕ್ಕಿ ಬೇರೆ.

ತಿನ್ನುವ ಕ್ರಮ ಪಕ್ಕದಲ್ಲಿ ನಿಂತಿದ್ದ ಅಜ್ಜರೊಬ್ಬರು ತೋರಿಸಿಕೊಟ್ಟರು. ಒಂದು ಹಿಡಿ ಮಂಡಕ್ಕಿ, ಒಂದು ಕಡಿತ ಬಜ್ಜಿ, ಮತ್ತೆ ಮಂಡಕ್ಕಿ. “ಬರೀ ಮೆಣಸಿನಕಾಯಿ ತಿಂದ್ರ ಉರಿತೈತ್ರಿ, ಬರೀ ಮಂಡಕ್ಕಿ ತಿಂದ್ರ ಸಪ್ಪಗೆ ಇರ್ತೈತಿ” ಅಂದರು. ಚಳಿಗಾಲದ ಸಂಜೆ ಬೀಸುವ ಒಣಗಾಳಿಯಲ್ಲಿ ಆ ಖಾರ ಕಿವಿ ತನಕ ಬೆಚ್ಚಗೆ ಏರುತ್ತೆ. ಆಮೇಲೆ ಒಂದು ಟೀ. ರಾತ್ರಿ ಊಟ ಮಾಡಲೇ ಇಲ್ಲ, ಬೇಕು ಅಂತಲೂ ಅನಿಸಲಿಲ್ಲ.

ಬೆಳಗ್ಗೆ ಬೇಗ ಎದ್ದು ಸ್ವೆಟರ್ ಹಾಕಿಕೊಂಡು ದೋಸೆಗೆ ಹೊರಟೆವು. ಹೊತ್ತು ಏರಿದ ಮೇಲೆ ಕ್ಯೂ ಬೆಳೆಯುತ್ತೆ. ಹೋಟೆಲ್ ಹೆಸರು ಹೇಳಲ್ಲ, ಹಳೆಯವು ಹಲವು ಇವೆ, ಎಲ್ಲದಕ್ಕೂ ಅವರವರ ಅಭಿಮಾನಿಗಳಿದ್ದಾರೆ. ಲಾಡ್ಜ್ ಕೌಂಟರಿನವರನ್ನು, ಆಟೋದವರನ್ನು, ಹೂವಿನವರನ್ನು ಕೇಳಿದೆವು, ಮೂವರೂ ಮೂರು ಹೆಸರು ಹೇಳಿದರು. ನಾವು ನೋಡಿದ್ದು ಒಂದನ್ನೇ, ಒಲೆ ಸೌದೆಯದ್ದಾ ಅಂತ.

ಬೆಣ್ಣೆ ದೋಸೆಯ ಹುಟ್ಟಿನ ಬಗ್ಗೆ ಊರಲ್ಲಿ ಹೇಳುವ ಕಥೆ ಹೀಗಿದೆ. 1928ರಲ್ಲಿ ಚೆನ್ನಮ್ಮ ಎಂಬ ತಾಯಿ ಬೆಳಗಾವಿ ಕಡೆಯಿಂದ ಮಕ್ಕಳನ್ನು ಕರೆದುಕೊಂಡು ಇಲ್ಲಿಗೆ ಬಂದು, ನಾಟಕದ ಥಿಯೇಟರ್ ಪಕ್ಕ ರಾಗಿ ದೋಸೆ ಮಾಡಿ ಮಾರುತ್ತಿದ್ದರಂತೆ. ಆಮೇಲೆ ಮಕ್ಕಳು ರಾಗಿ ಬಿಟ್ಟು ಅಕ್ಕಿ ಹಿಟ್ಟಿಗೆ ಬಂದರು, ಬೆಣ್ಣೆ ಸೇರಿತು. ನಾಟಕ ನೋಡೋಕೆ ಬಂದವರು, ಕಾಟನ್ ಮಿಲ್ಲಿನ ಊರಿನ ದುಡಿಯುವ ಜನ, ಇವರ ಹಸಿವಿಗೆ ಹುಟ್ಟಿದ ತಿಂಡಿ ಇದು. ಆ ತಾಯಿಯನ್ನು ನೆನೆಯದೆ ಮೊದಲ ತುತ್ತು ತಿನ್ನಬಾರದು ಅಂತ ನನಗೆ ಅನಿಸಿತು.

ನಮಗೆ ಸಿಕ್ಕ ಮೇಜು ಒಲೆಗೆ ಹತ್ತಿರ ಇತ್ತು, ಚಳಿಗೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ. ದೊಡ್ಡ ಕಾವಲಿ, ಕೆಳಗೆ ಸೌದೆ. ನೀರು ಚಿಮುಕಿಸಿದ ಕೂಡಲೇ ಚುಯ್ ಅಂತ ಹಾರಿಹೋಯಿತು. ಪೊರಕೆಯಲ್ಲಿ ಗುಡಿಸಿ, ಹಿಟ್ಟು ಬಿಟ್ಟು, ಅಂಗೈ ಅಗಲಕ್ಕಿಂತ ಸ್ವಲ್ಪ ದೊಡ್ಡದಾಗಿ ಸಾಲಾಗಿ ದೋಸೆ ಹೊಯ್ದರು. ನಮ್ಮ ಮಸಾಲೆ ದೋಸೆಯಷ್ಟು ಅಗಲ ಇಲ್ಲ, ಅಷ್ಟು ತೆಳುವೂ ಇಲ್ಲ. ಮೇಲೆಲ್ಲ ತೂತು ಬಿದ್ದ ಮೇಲೆ ಬೆಣ್ಣೆ. ಚಳಿಗೆ ಬೆಣ್ಣೆ ಗಟ್ಟಿಯಾಗಿರುತ್ತೆ, ಉಂಡೆ ಉಂಡೆಯಾಗಿ ಬಿತ್ತು. ಬಿದ್ದ ಜಾಗದಿಂದಲೇ ಕರಗಿ ಒಂದೊಂದು ತೂತಿಗೂ ಇಳಿಯಿತು, ಮಿಕ್ಕಿದ್ದು ಅಂಚಿಗೆ ಹೋಗಿ ನೊರೆ ಕಟ್ಟಿತು. ಅಂಚು ಕಂದು ಬಣ್ಣಕ್ಕೆ ತಿರುಗುವ ತನಕ ಭಟ್ಟರು ಅವಸರ ಮಾಡಲಿಲ್ಲ. ಪ್ಲೇಟಿಗೆ ಬಂದ ಮೇಲೆ ಇನ್ನೊಂದು ಉಂಡೆ ಬೆಣ್ಣೆ.

ಜೊತೆಗೆ ಸಾಂಬಾರ್ ಕೇಳಬೇಡಿ. ಬಿಳಿ ಆಲೂಗಡ್ಡೆ ಪಲ್ಯ, ಅರಿಶಿನ ಇಲ್ಲದ್ದು, ಒಂದು ಚಮಚದಷ್ಟು. ತೆಳ್ಳಗಿನ ಕಾಯಿ ಚಟ್ನಿ, ಹಸಿಮೆಣಸಿನಕಾಯಿ ಖಾರ ಮುಂದಿರುವಂಥದ್ದು. ಬೆಣ್ಣೆಯ ಜಿಡ್ಡಿಗೆ ಆ ಖಾರವೇ ಸರಿ. ಕೆಂಪು ಚಟ್ನಿ ಇದ್ದಿದ್ದರೆ ಬೆಣ್ಣೆಯ ರುಚಿ ಮುಚ್ಚಿಹೋಗುತ್ತಿತ್ತು, ಇದನ್ನು ಮೈಸೂರಿನವಳಾಗಿಯೇ ಹೇಳ್ತಿದ್ದೀನಿ. ಹೊರಗೆ ಗರಿಗರಿ, ಒಳಗೆ ಮೆತ್ತಗೆ. ಹಿಟ್ಟಿಗೆ ಅಕ್ಕಿ, ಉದ್ದಿನಬೇಳೆ ಜೊತೆ ಮಂಡಕ್ಕಿ ನೆನೆಸಿ ರುಬ್ಬುತ್ತಾರೆ, ಆ ಮೆತ್ತಗಿನ ಗುಣ ಅಲ್ಲಿಂದಲೇ. ಹಿಂದಿನ ಸಂಜೆ ತಿಂದದ್ದೇ ಬೆಳಗ್ಗೆ ದೋಸೆಯೊಳಗೆ ಬಂದು ಕೂತಿದೆ ಅಂತ ಇವರಿಗೆ ಹೇಳಿದರೆ ನಂಬಲಿಲ್ಲ, ಭಟ್ಟರನ್ನೇ ಕೇಳಿ ಬಂದರು.

ಅಕ್ಕನ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಬೆಂಗಳೂರಲ್ಲಿ ಬೆಣ್ಣೆ ಸಿಗುತ್ತೆ, ಹಿಟ್ಟೂ ಸಿಗುತ್ತೆ. ಸೌದೆ ಒಲೆಯ ಮುಂದೆ ಕೂತು, ಕಾವಲಿಯಿಂದ ಪ್ಲೇಟಿಗೆ ಬಂದ ಕ್ಷಣದಲ್ಲಿ ತಿನ್ನುವುದು ಸುಲಭಕ್ಕೆ ಸಿಗಲ್ಲ. ಚಳಿಯಲ್ಲಿ ಐದು ನಿಮಿಷ ಬಿಟ್ಟರೆ ಬೆಣ್ಣೆ ತಟ್ಟೆಗೆ ಹೆಪ್ಪುಗಟ್ಟುತ್ತೆ, ಪಾರ್ಸೆಲ್ ಅಂತೂ ಬೇಡವೇ ಬೇಡ. ನಾವು ಮೊದಲು ಒಂದು ಬೆಣ್ಣೆ ಮಸಾಲೆ ಹಂಚಿಕೊಂಡೆವು, ಆಮೇಲೆ ಒಂದು ಖಾಲಿ ದೋಸೆ. ಖಾಲಿ ಅಂದರೆ ಒಳಗೆ ಪಲ್ಯ ಇಡದ, ಇನ್ನೂ ಮೆತ್ತಗಿರುವ ದೋಸೆ. ಇವರಿಗೆ ಗರಿಗರಿಯೇ ಇಷ್ಟ, ನನಗೆ ಖಾಲಿ. ಒಂದೊಂದೇ ತಗೊಂಡಿದ್ದಕ್ಕೆ ಮಧ್ಯೆ ಕಾಯುವ ಹೊತ್ತು ಸಿಕ್ಕಿತು. ಮನೆ ಸಾಲ, ಮಗಳ ಪರೀಕ್ಷೆ ಬಿಟ್ಟು ಬೇರೆ ಮಾತಾಡಿದ್ದು ಆ ಮೇಜಿನ ಮುಂದೆಯೇ.

ಅಲ್ಲಿಂದ ನಡೆಯೋಕೆ ಹರಿಹರ. ಊರಿಂದ ಹದಿನಾಲ್ಕು ಕಿಲೋಮೀಟರ್ ಆಸುಪಾಸು, ತುಂಗಭದ್ರೆಯ ದಡ. ಹರಿಹರೇಶ್ವರ ದೇವಸ್ಥಾನ ಹೊಯ್ಸಳರ ಕಾಲದ್ದು, 1224ರಲ್ಲಿ ಪೋಲಾಳ್ವ ದಂಡನಾಯಕ ಕಟ್ಟಿಸಿದ್ದು. ಒಂದೇ ಮೂರ್ತಿ, ಅರ್ಧ ಹರ, ಅರ್ಧ ಹರಿ. ಮದುವೆ ದಿನಕ್ಕೆ ಇಬ್ಬರೂ ಸೇರಿ ಅರ್ಚನೆ ಮಾಡಿಸಿದೆವು. ಮಧ್ಯಾಹ್ನ ಬಾಗಿಲು ಹಾಕುತ್ತಾರೆ, ದೋಸೆ ಮುಗಿದ ಕೂಡಲೇ ಹೊರಟರೆ ಒಳ್ಳೆಯದು.

ಮಧ್ಯಾಹ್ನದ ಹಸಿವು ಬಂದದ್ದು ಎರಡು ಗಂಟೆಗೆ. ದಾವಣಗೆರೆಗೆ ವಾಪಸ್ ಬಂದು ಖಾನಾವಳಿಗೆ ಹೋದೆವು. ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳು ಪಲ್ಯ, ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು. ಚಳಿಗಾಲದಲ್ಲಿ ಹೋಗಬೇಕಾದ್ದೇ ಇದಕ್ಕೆ. ಎಳೆ ಮೆಂತ್ಯ ಸೊಪ್ಪು, ಹಕ್ಕರಿಕೆ ಸೊಪ್ಪು ಹಸಿಯಾಗಿಯೇ ತಟ್ಟೆಗೆ ಇಡುತ್ತಾರೆ, ಜೊತೆಗೆ ಈರುಳ್ಳಿ. ಬಿಸಿ ರೊಟ್ಟಿ ಮುರಿದು, ಎಣ್ಣೆಗಾಯಿ ರಸ ಮೆತ್ತಿ, ಒಂದೆಳೆ ಸೊಪ್ಪು ಕಡಿದರೆ ಬಾಯಿಗೆ ಎಷ್ಟು ಹಿತ ಅಂತೀರಿ! ಬಡಿಸುವ ತಾಯಿ “ಇನ್ನೊಂದ್ ರೊಟ್ಟಿ ಹಾಕ್ಲೇನ್ರಿ?” ಅಂತ ಕೇಳುತ್ತಲೇ ಇದ್ದರು. ಅನ್ನಕ್ಕೆ ಜಾಗ ಉಳಿಸಿಕೊಳ್ಳುವ ಅವಸರ ಬೇಡ, ರೊಟ್ಟಿಯಲ್ಲೇ ತೃಪ್ತಿ ಮಾಡಿಕೊಳ್ಳಿ. ಸಂಕ್ರಾಂತಿ ಹತ್ತಿರ ಹೋಗುವವರು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಇದೆಯಾ ಅಂತ ಕೇಳಿ ನೋಡಿ.

ಸಂಜೆ ಕೊಂಡಜ್ಜಿ ಕೆರೆಗೆ ಹೋದೆವು. ಗುಡ್ಡ, ಕೆರೆ, ಸ್ಕೌಟ್ಸ್ ಶಿಬಿರದ ಮರಗಳು. ಕತ್ತಲಾಗುವ ತನಕ ನಡೆದೆವು, ಮತ್ತೆ ಊರಿಗೆ ಬಂದು ಸ್ವಲ್ಪವೇ ಸ್ವಲ್ಪ ಮಂಡಕ್ಕಿ, ಮಲಗುವ ಮುಂಚೆ ಬಿಸಿ ಹಾಲು.

ಭಾನುವಾರ ವಾಪಸ್ ಬರುವ ದಾರಿಗೆ ನಾನು ಖಾನಾವಳಿಯಲ್ಲಿ ಮೊದಲೇ ಹೇಳಿ ಇಟ್ಟಿದ್ದೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಕಾಳು ಪಲ್ಯ ಕಟ್ಟಿಕೊಟ್ಟರು. ಬೆಳಗ್ಗೆ ಮತ್ತೊಂದು ಸುತ್ತು ದೋಸೆ ತಿಂದು, ಅರವತ್ತು ಕಿಲೋಮೀಟರ್ ದೂರದ ಚಿತ್ರದುರ್ಗಕ್ಕೆ ಬಂದೆವು. ಬೇಸಿಗೆಯಲ್ಲಿ ಆ ಬಂಡೆಗಳ ಮೇಲೆ ಕಾಲಿಡೋಕೂ ಆಗಲ್ಲ, ಡಿಸೆಂಬರ್‌ನಲ್ಲಿ ಏಳು ಸುತ್ತಿನ ಕೋಟೆ ಹತ್ತುವುದೇ ಒಂದು ಸಂತೋಷ. ಒನಕೆ ಓಬವ್ವನ ಕಿಂಡಿ ಮುಂದೆ ಇವರು ಬಹಳ ಹೊತ್ತು ನಿಂತರು. ಗಂಡ ಊಟಕ್ಕೆ ಕೂತಿದ್ದಾಗ ನೀರು ತರೋಕೆ ಬಂದ ಹೆಂಗಸು ಕೋಟೆ ಕಾದ ಜಾಗ ಅದು. ಊಟದ ಮಧ್ಯೆ ಗಂಡನನ್ನು ಎಬ್ಬಿಸಬಾರದು ಅಂತ ತಾನೇ ಒನಕೆ ಹಿಡಿದಳು ಅನ್ನುತ್ತಾರಲ್ಲ, ಅದನ್ನು ಅಲ್ಲೇ ನಿಂತು ಕೇಳಿದರೆ ಮೈ ಜುಮ್ಮೆನ್ನುತ್ತೆ.

ಕೋಟೆ ಇಳಿದು ಚಂದ್ರವಳ್ಳಿಗೆ ಬಂದೆವು. ಕದಂಬರ ಮಯೂರಶರ್ಮ ಕೆರೆ ಕಟ್ಟಿಸಿದ್ದನ್ನು ಹೇಳುವ ಶಾಸನ ಇರುವ ಜಾಗ. ನೆರಳು ನೋಡಿಕೊಂಡು ಕೂತು ರೊಟ್ಟಿ ಗಂಟು ಬಿಚ್ಚಿದೆವು. ಖಡಕ್ ರೊಟ್ಟಿ ಸಂಜೆ ತನಕ ಹಾಳಾಗಲ್ಲ, ಪಲ್ಯ ಮಾತ್ರ ಮಧ್ಯಾಹ್ನದೊಳಗೆ ಮುಗಿಸಿ. ಇವರು ರೊಟ್ಟಿ ಮುರಿಯುತ್ತಾ ಮುಂದಿನ ವರ್ಷ ಧಾರವಾಡ ಅಂದರು. ನಾನು ಮಿಕ್ಕ ಚಟ್ನಿಪುಡಿ ಮಗಳಿಗೆ ಅಂತ ಡಬ್ಬಿಗೆ ತುಂಬಿ ಎತ್ತಿಟ್ಟೆ.