ಎಸ್‌ಪ್ರೆಸೊಗೆ ಕೈ ಗ್ರೈಂಡರ್ ಕೊಳ್ಳುವ ಮುಂಚೆ

ಮನೆಯಲ್ಲೇ ಎಸ್‌ಪ್ರೆಸೊ ಮಾಡುವವರು ಕೈ ಗ್ರೈಂಡರ್‌ನಲ್ಲಿ ಮೊದಲು ನೋಡಬೇಕಾದ್ದು ಕ್ಲಿಕ್, ಅಂದರೆ ಪುಡಿ ಎಷ್ಟು ನುಣ್ಣಗಿರಬೇಕೆಂದು ಹೊಂದಿಸುವ ತಿರುಗಣೆಯ ಒಂದೊಂದು ಹೆಜ್ಜೆ. ಒಂದು ಕ್ಲಿಕ್ ತಿರುಗಿಸಿದರೆ ಪುಡಿ ಚೂರೇ ಚೂರು ಬದಲಾಗಬೇಕು. ಅಗ್ಗದವುಗಳಲ್ಲಿ ಹಾಗಾಗುವುದಿಲ್ಲ. ಒಂದು ಕ್ಲಿಕ್ ಆಚೆ ಹೋದರೆ ಕಾಫಿ ಸುರಿದುಹೋಗುತ್ತದೆ, ಈಚೆ ಬಂದರೆ ಮೆಷಿನ್ ಕಟ್ಟಿಕೊಳ್ಳುತ್ತದೆ. ದುಡ್ಡು ಸ್ವಲ್ಪ ಜಾಸ್ತಿಯಾದರೂ ಸ್ಟೀಲ್ ಬರ್ (ಬೀಜ ಅರೆಯುವ ಹಲ್ಲಿನ ಭಾಗ) ಇರುವುದನ್ನೇ ತಗೊಳ್ಳಿ.

18 ಗ್ರಾಂ ಪುಡಿಗೆ ಸುಮಾರು 36 ಗ್ರಾಂ ಕಾಫಿ, 25ರಿಂದ 30 ಸೆಕೆಂಡಿನಲ್ಲಿ ಇಳಿಯಬೇಕು. ಬೇಗ ಇಳಿದು ಹುಳಿ ಹೊಡೆದರೆ ಇನ್ನೂ ನುಣ್ಣಗೆ ಮಾಡಿ. ತೊಟ್ಟಿಕ್ಕಿ ಕಹಿಯಾದರೆ ಒಂದೆರಡು ಕ್ಲಿಕ್ ತರಿ ಮಾಡಿ. ಪುಡಿಯ ತೂಕ ಮಾತ್ರ ಬದಲಿಸಬೇಡಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತೇ ಆಗುವುದಿಲ್ಲ, ಅಲ್ವಾ?

ಮೈಸೂರಲ್ಲಿ ಕಾಫಿಪುಡಿ ಅಂಗಡಿಗಳಿಗೆ ಬರವಿಲ್ಲ. ಪುಡಿ ಮಾಡಿಸದೆ ಹುರಿದ ಬೀಜವನ್ನೇ ಕೇಳಿ, ಯಾವತ್ತು ಹುರಿದದ್ದು ಅಂತಲೂ ಕೇಳಿ. ಚಿಕೋರಿ ಫಿಲ್ಟರ್ ಕಾಫಿಗೆ ಚೆನ್ನ, ಎಸ್‌ಪ್ರೆಸೊಗೆ ಬೇಡವೇ ಬೇಡ. ಅರೇಬಿಕಾ ಜೊತೆ ಸ್ವಲ್ಪ ರೊಬಸ್ಟಾ ಬೆರೆತರೆ ಮೇಲಿನ ನೊರೆ, ಅಂದರೆ ಕ್ರೆಮಾ, ದಪ್ಪಗೆ ಬರುತ್ತದೆ. ನನಗಂತೂ ಅದೇ ಇಷ್ಟ.

ಬೀಜಕ್ಕೆ ಒಂದೇ ಹನಿ ನೀರು ಸವರಿ ತಿರುಗಿಸಿ, ಪುಡಿ ಡಬ್ಬಿಗೆ ಅಂಟುವುದು ಕಡಿಮೆಯಾಗುತ್ತದೆ. ಆದರೆ ಗ್ರೈಂಡರನ್ನು ನೀರಲ್ಲಿ ತೊಳೆಯಬೇಡಿ. ಒಣ ಬ್ರಷ್ ಸಾಕು.