ಸುಣ್ಣದ ಗಾರೆಗಾಗಿ ಹಿಡಿದ ಹಟ

ಇಂಗ್ಲೆಂಡಿನ ಸಫೋಕ್‌ನಲ್ಲಿ, ಹಳೆಯ ಜಮೀನ್ದಾರಿ ಬಂಗಲೆಯೊಂದರ ಹಣ್ಣು-ತರಕಾರಿ ತೋಟದ ಸುತ್ತ ಹದಿನೆಂಟನೆಯ ಶತಮಾನದ ಇಟ್ಟಿಗೆ ಗೋಡೆಯಿದೆ. ಅದರ ದುರಸ್ತಿಗೆ ಹೋದಾಗ ಕೆಲವೆಡೆ ಇಟ್ಟಿಗೆಗಳ ನಡುವಿನ ಸಂದುಗಳು ಕಲ್ಲಿನಂತೆ ಗಟ್ಟಿಯಾಗಿದ್ದವು. ಅವುಗಳ ಪಕ್ಕದ ಇಟ್ಟಿಗೆಯ ಮುಖ ಮಾತ್ರ ಹಕ್ಕಳೆ ಹಕ್ಕಳೆಯಾಗಿ ಉದುರುತ್ತಿತ್ತು. ಹಿಂದೆ ಯಾರೋ ಅಲ್ಲೆಲ್ಲ ಸಿಮೆಂಟ್ ಮೆತ್ತಿದ್ದರು. ಗೋಡೆ ಹೀರಿದ ಮಳೆನೀರು ಸುಣ್ಣದ ಗಾರೆ ತುಂಬಿದ ಸಂದಿನ ಮೂಲಕ ಸುಲಭವಾಗಿ ಆರುತ್ತದೆ. ಸಿಮೆಂಟ್ ಆ ದಾರಿ ಮುಚ್ಚಿದರೆ ನೀರು ಇಟ್ಟಿಗೆಯಲ್ಲೇ ನಿಂತು, ಚಳಿಗಾಲದಲ್ಲಿ ಹೆಪ್ಪುಗಟ್ಟಿ ಹಿಗ್ಗಿ, ಅದನ್ನೇ ಒಡೆಯುತ್ತದೆ. ಸವೆಯಬೇಕಾದದ್ದು ಗಾರೆ, ಇಟ್ಟಿಗೆ ಉಳಿಯಬೇಕು. ಈ ಮಾತಿಗೆ ನಾನು ಕೊನೆಯವರೆಗೂ ಅಂಟಿಕೊಂಡೆ.

ಸಿಮೆಂಟನ್ನು ಕೈಉಳಿಯಿಂದಲೇ ಬಿಡಿಸಿದೆ. ಯಂತ್ರದ ಗರಗಸ ಬೇಗ ಮುಗಿಸುತ್ತದೆ ನಿಜ, ಆದರೆ ಇಟ್ಟಿಗೆಯ ಅಂಚನ್ನೂ ಕೊರೆಯುತ್ತದೆ. ಇಟ್ಟಿಗೆಯನ್ನು ಕಿತ್ತುಕೊಂಡೇ ಬರುವಷ್ಟು ಕಚ್ಚಿದ್ದ ಸಿಮೆಂಟನ್ನು ಹಾಗೆಯೇ ಬಿಟ್ಟೆ. ಸಂದನ್ನು ಅದರ ಅಗಲದ ಎರಡರಷ್ಟು ಆಳಕ್ಕಾದರೂ ಕೆರೆದೆ. ಹಳೆಯ ಗಾರೆಯ ತುಂಡೊಂದನ್ನು ಆಮ್ಲದಲ್ಲಿ ಕರಗಿಸಿ, ಉಳಿದ ಮರಳಿನ ಬಣ್ಣ ಮತ್ತು ಕಣ ನೋಡಿ ಹೊಸ ಮರಳು ಆರಿಸಿದೆ. ಅರಳಿಸಿ ನೀರಿನಡಿ ಹದಗೊಳಿಸಿದ ಸುಣ್ಣ ಒಂದು ಪಾಲು, ಮರಳು ಮೂರು ಪಾಲು. ಗೋಡೆಯನ್ನು ಚೆನ್ನಾಗಿ ತೋಯಿಸಿ ಗಾರೆಯನ್ನು ಒತ್ತಿ ತುಂಬಿದೆ. ಅದು ಸ್ವಲ್ಪ ಬಿಗಿದ ಮೇಲೆ ಗಡಸು ಕುಂಚದಿಂದ ಕುಟ್ಟಿ, ಒದ್ದೆ ಗೋಣಿತಾಟು ಹೊದಿಸಿದೆ. ಸುಣ್ಣ ನಿಧಾನವಾಗಿ ಗಟ್ಟಿಯಾಗುತ್ತದೆ. ಹಿಮ ಬೀಳುವ ಮೊದಲೇ ಅದು ಬಲಿಯಬೇಕಾದ್ದರಿಂದ ವಸಂತದಲ್ಲೇ ಕೆಲಸ ಹಿಡಿದೆ.

ತೀರಾ ಹಾಳಾದ ಇಟ್ಟಿಗೆಗಳಿಗೆ ಬದಲಿ ಹುಡುಕುವುದೇ ಕಷ್ಟವಾಯಿತು. ಅಲ್ಲಿ 1784ರಿಂದ 1850ರವರೆಗೆ ಇಟ್ಟಿಗೆಗೆ ತೆರಿಗೆಯಿತ್ತು. ಮೊದಲಿಗೆ ಎಣಿಕೆಯ ಮೇಲೆ ವಸೂಲಿ ಮಾಡಿದ್ದರಿಂದ ಕೆಲವರು ದೊಡ್ಡ ಇಟ್ಟಿಗೆಗಳನ್ನೇ ಸುಡತೊಡಗಿದರು. ಹೀಗೆ ಕಾಲಕಾಲಕ್ಕೆ ಅಳತೆ ಬದಲಾಗಿದೆ. ಇಂದಿನ ಅಳತೆಯ ಇಟ್ಟಿಗೆ ಈ ಗೋಡೆಯ ವರಸೆಗೆ ಕೂರುವುದಿಲ್ಲ. ಅದೇ ದಪ್ಪಕ್ಕೆ ಕೈಯಚ್ಚಿನಲ್ಲಿ ಮಾಡಿಸಬೇಕಾಯಿತು.

ದಕ್ಷಿಣಕ್ಕೆ ಮುಖ ಮಾಡಿದ ಗೋಡೆಯನ್ನು ನಾನು ತುಂಬಾ ಮೆಚ್ಚಿದೆ. ಹಗಲಿನ ಬಿಸಿಲನ್ನು ಹಿಡಿದಿಟ್ಟು ರಾತ್ರಿ ಬಿಟ್ಟುಕೊಡುವ ಅದರ ಆಸರೆಯಲ್ಲಿ ಪೀಚ್, ಏಪ್ರಿಕಾಟ್, ಅಂಜೂರ ಬೆಳೆಯುತ್ತಿದ್ದವು. ಕೊಂಬೆಗಳನ್ನು ಬಟ್ಟೆಪಟ್ಟಿಯಿಂದ ಬಿಗಿಯಲು ತೋಟಗಾರರು ಹೊಡೆದ ಮೊಳೆಗಳ ತೂತು ಗೋಡೆ ತುಂಬ ಇವೆ. ಎಲ್ಲವನ್ನೂ ಮುಚ್ಚಿ ನಯಗೊಳಿಸಬೇಕೆಂದು ಬಂಗಲೆಯವರು ಕೇಳಿದರು. ಅವು ಆ ಕೆಲಸಗಾರರ ದುಡಿಮೆಯ ದಾಖಲೆ ಎಂದು ವಾದಿಸಿ ಒಪ್ಪಿಸಿದೆ. ನೀರು ನಿಲ್ಲುವಂಥವನ್ನಷ್ಟೇ ತುಂಬಿದೆ.